ವಾಹನವಿಲ್ಲದ ತಪ್ಪಲು ದಾರಿಗಳಲ್ಲಿ ಗ್ರಾವೆಲ್ ಸವಾರಿ: ದಾರಿಯನ್ನು ಆರಿಸುವುದು ಹೇಗೆ?

ಪ್ರಶ್ನೆ: ನನಗೆ 46 ವರ್ಷ, ತೂಕ 75 ಕಿಲೋ. ಮೂರು ವರ್ಷ ಡಾಂಬರು ರಸ್ತೆಯಲ್ಲಿ ಸೈಕಲ್ ತುಳಿದ ಮೇಲೆ ವಾಹನಗಳ ಭಯಕ್ಕೆ ಬೇಸತ್ತು, ಜಲ್ಲಿ ದಾರಿಗೆ ಹೊಂದುವ ಸೈಕಲ್ಲಾದ ಗ್ರಾವೆಲ್ ಬೈಕ್ ಕೊಂಡೆ. ಅದರ ಟೈರು 40 ಮಿ.ಮೀ. ಅಗಲದ್ದು, ಮುಂದಿನ ಚಕ್ರಹಲ್ಲುಗಳು 46 ಮತ್ತು 30, ಹಿಂದೆ 11ರಿಂದ 34. ಬೆಟ್ಟದ ತಪ್ಪಲಿನಲ್ಲಿ ವಾಹನಗಳೇ ಬಾರದ 52 ಕಿ.ಮೀ. ಸುತ್ತುದಾರಿಯೊಂದನ್ನು ಮೊಬೈಲ್ ನಕ್ಷೆಯಲ್ಲಿ ಆರಿಸಿಕೊಂಡೆ. ಒಟ್ಟು ಏರು 900 ಮೀಟರ್ ಎಂದಿತ್ತು. ಮೂರು ಕಡೆ ಸೈಕಲ್ ಇಳಿದು ತಳ್ಳಬೇಕಾಯಿತು, ಇಳಿಜಾರಿನಲ್ಲಿ ಹಿಂಚಕ್ರ ಜಾರಿ ಬಿದ್ದೆ, ಒಂದೆಡೆ ಬೀಗ ಹಾಕಿದ ಗೇಟು ಎದುರಾಯಿತು. ಮನೆಗೆ ಬಂದಾಗ ಉಂಗುರದ ಬೆರಳು, ಕಿರುಬೆರಳು ಜೋಮುಗಟ್ಟಿದ್ದವು. ಟೈರಿಗೆ ಗಾಳಿ ಗಟ್ಟಿಯಾಗಿ ತುಂಬಬೇಕು, ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು, ವಾಹನವಿಲ್ಲದ ಮೇಲೆ ಒಬ್ಬರೇ ಹೋದರೂ ಚಿಂತೆಯಿಲ್ಲ ಎಂದು ಗೆಳೆಯರು ಹೇಳಿದ್ದರು. ಹಾಗೆಯೇ ಮಾಡಿದ್ದೆ. ಈ ಬಗೆಯ ಸವಾರಿ ನನ್ನ ವಯಸ್ಸಿಗೆ ಆಗಿಬರುವುದಿಲ್ಲವೇ?

ಉತ್ತರ: ಆಗಿಬರುವುದಿಲ್ಲ ಎನ್ನಲು ನಿಮ್ಮ ಪತ್ರದಲ್ಲಿ ಯಾವ ಆಧಾರವೂ ಕಾಣುವುದಿಲ್ಲ. ತಳ್ಳಬೇಕಾಗಿ ಬಂದದ್ದು, ಬಿದ್ದದ್ದು, ಗೇಟಿನ ಮುಂದೆ ನಿಲ್ಲಬೇಕಾದದ್ದು, ಕೈ ಜೋಮುಗಟ್ಟಿದ್ದು ಎಲ್ಲವೂ ಒಂದೇ ದಿನ ನಡೆದುದರಿಂದ ನಿಮಗೆ ಅವು ಒಂದೇ ಸೋಲಿನಂತೆ ಕಂಡಿವೆ. ಆದರೆ ಅವುಗಳ ಕಾರಣಗಳು ಬೇರೆ ಬೇರೆ, ಮತ್ತು ಯಾವುದೂ ವಯಸ್ಸಿಗೆ ಸಂಬಂಧಿಸಿದ್ದಲ್ಲ. ತಪ್ಪಲು ದಾರಿಗಳ ಸಮೀಕ್ಷೆ ಮತ್ತು ಸವಾರರ ತರಬೇತಿಯಲ್ಲಿ ತೊಡಗಿರುವ ನನ್ನ ಬಳಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಸವಾರ ಮನೆ ಬಿಡುವ ಮೊದಲೇ, ಅಂದರೆ ದಾರಿಯನ್ನು ಆರಿಸುವ ಹೊತ್ತಿಗೇ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ವಾಹನವಿಲ್ಲದ ದಾರಿಯೊಂದು ನಕ್ಷೆಯಲ್ಲಿ ಕಂಡಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ದಾರಿಯನ್ನು ಯಾರು, ಯಾವ ಕೆಲಸಕ್ಕಾಗಿ ಮಾಡಿದರು? ಸೈಕಲ್ ಸವಾರರಿಗಾಗಿಯೇ ಬೆಟ್ಟ ಕಡಿದು ಮಾಡಿದ ಜಲ್ಲಿ ದಾರಿಗಳು ಲೋಕದಲ್ಲಿ ತೀರಾ ಕಡಿಮೆ. ರೈಲು ಓಡಿಸಲು, ಮರ ಸಾಗಿಸಲು, ನೀರು ಹರಿಸಲು, ಬೆಂಕಿ ತಡೆಯಲು, ವಿದ್ಯುತ್ ಕಂಬಗಳನ್ನು ನೋಡಿಕೊಳ್ಳಲು, ದನ ಕುರಿಗಳನ್ನು ಅಟ್ಟಲು ಮಾಡಿದ ದಾರಿಗಳನ್ನೇ ನಾವು ಬಳಸುತ್ತೇವೆ. ದಾರಿ ಎಷ್ಟು ಕಡಿದಾಗಿರಬಹುದು, ಅದರ ಮೈ ಎಷ್ಟು ಗಟ್ಟಿಯಾಗಿರಬಹುದು, ಮಳೆ ಬಂದಾಗ ಅದು ಏನಾಗಬಹುದು ಎಂಬುದನ್ನೆಲ್ಲ ಆ ಮೂಲ ಕೆಲಸವೇ ಬಹುಮಟ್ಟಿಗೆ ನಿರ್ಧರಿಸಿರುತ್ತದೆ.

ಉಗಿಬಂಡಿಗಳ ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಕಡಿದಾದ ಏರನ್ನು ಹತ್ತಲಾರದು. ಹಾಗಾಗಿ ಹಳೆಯ ರೈಲು ಮಾರ್ಗಗಳ ಏರು ಸಾಮಾನ್ಯವಾಗಿ ಶೇಕಡಾ 2ರ (ಅಂದರೆ ನೂರು ಮೀಟರ್ ದೂರಕ್ಕೆ ಎರಡು ಮೀಟರ್ ಏರಿನ) ಆಸುಪಾಸಿನಲ್ಲಿರುತ್ತದೆ, 3 ದಾಟುವುದು ಅಪರೂಪ. ಹಳಿ ಕಿತ್ತು ಸೈಕಲ್ ದಾರಿಯಾಗಿಸಿದ ಕಡೆಗಳಲ್ಲಿ ಈ ಗುಣ ಹಾಗೆಯೇ ಉಳಿದಿರುತ್ತದೆ. ಅಮೆರಿಕದ ಅಪಲೇಚಿಯನ್ ಬೆಟ್ಟಗಳನ್ನು ದಾಟುವ, ಸುಮಾರು 240 ಕಿ.ಮೀ. ಉದ್ದದ ಗ್ರೇಟ್ ಅಲಿಗೇನಿ ಪ್ಯಾಸೇಜ್ ಇದಕ್ಕೆ ಒಳ್ಳೆಯ ಉದಾಹರಣೆ. ಕಂಬರ್ಲೆಂಡ್ ಪಟ್ಟಣದಿಂದ ಜಲವಿಭಾಜಕದ ನೆತ್ತಿಯವರೆಗೆ ಅದು ಸುಮಾರು 38 ಕಿ.ಮೀ.ಗಳಲ್ಲಿ 540 ಮೀಟರಿನಷ್ಟು ಏರುತ್ತದೆ; ಪುಡಿಮಾಡಿದ ಸುಣ್ಣಕಲ್ಲಿನ ಹಾಸಿನ ಮೇಲೆ ಎಲ್ಲಿಯೂ ಇಳಿಯದೆ ಹತ್ತಬಹುದು. ಇಂಥ ದಾರಿಗಳ ತೊಡಕುಗಳು ಬೇರೆ ಬಗೆಯವು. ಸುರಂಗಗಳಲ್ಲಿ ಕತ್ತಲೆ, ಸೇತುವೆಗಳ ಮೇಲೆ ಗಾಳಿ, ಜನ ಹೆಚ್ಚಿರುವ ದಿನಗಳಲ್ಲಿ ನಡೆಯುವವರ ಸಂದಣಿ ಇರುತ್ತವೆ. ಅದೇ ದಾರಿಯಲ್ಲಿ ಸುಮಾರು ಒಂದು ಕಿ.ಮೀ. ಉದ್ದದ ಬಿಗ್ ಸ್ಯಾವೇಜ್ ಸುರಂಗವನ್ನು ಚಳಿಗಾಲದಲ್ಲಿ ಮುಚ್ಚುತ್ತಾರೆ. ಇದು ತಿಳಿಯದೆ ಹೊರಟವರ ಮುಂದೆ ಬೆಟ್ಟವೇ ಅಡ್ಡ ನಿಂತಿರುತ್ತದೆ.

ಮರ ಸಾಗಿಸುವ ದಾರಿಗಳು ಗ್ರಾವೆಲ್ ಸವಾರರಿಗೆ ಸಿಗುವ ದೊಡ್ಡ ಸಂಪತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಭಾರ ಹೊತ್ತ ಲಾರಿ ಹತ್ತಿ ಇಳಿಯಬೇಕಾದ್ದರಿಂದ ಅವುಗಳ ಏರು ಹೆಚ್ಚಿನ ಕಡೆ ಶೇಕಡಾ 10ರ ಒಳಗೇ ಇರುತ್ತದೆ, ತಿರುವುಗಳು ಅಗಲವಾಗಿರುತ್ತವೆ, ತಳದಲ್ಲಿ ಒಡೆದ ಕಲ್ಲಿನ ಗಟ್ಟಿ ಪದರವಿರುತ್ತದೆ, ನೀರು ಹೋಗಲು ಮೋರಿಗಳಿರುತ್ತವೆ. ಅಲ್ಲಿನ ಅಪಾಯ ಋತುಮಾನಕ್ಕೆ ಕಟ್ಟುಬಿದ್ದದ್ದು. ಮರ ಕಡಿಯುವ ಕೆಲಸ ನಡೆಯುತ್ತಿರುವಾಗ ಅದು ವಾಹನವಿಲ್ಲದ ದಾರಿಯಾಗಿ ಉಳಿಯುವುದಿಲ್ಲ. ಎದುರಿನ ಲಾರಿಯ ಚಾಲಕ ಆ ತಿರುವಿನಲ್ಲಿ ಸೈಕಲನ್ನು ನಿರೀಕ್ಷಿಸಿರುವುದೂ ಇಲ್ಲ. ಕೆಲಸ ನಡೆಯುತ್ತಿದೆ ಎಂಬ ಫಲಕ ಕಂಡರೆ, ಇಂದು ಸದ್ದು ಕೇಳಿಸುತ್ತಿಲ್ಲವೆಂಬ ಕಾರಣಕ್ಕೆ ಅದನ್ನು ದಾಟಿ ಹೋಗಬೇಡಿ. ಕೆಲಸ ಮುಗಿದ ಹೊಸತರಲ್ಲಿ ಲಾರಿಗಳ ಗಾಲಿಯಚ್ಚುಗಳು ಆಳವಾಗಿರುತ್ತವೆ. ಒಂದೆರಡು ಮಳೆಗಾಲ ಕಳೆದು ಜಲ್ಲಿ ಕೂತ ಮೇಲೆ ಅದೇ ದಾರಿ ಸೊಗಸಾಗುತ್ತದೆ.

ಬೆಂಕಿ ತಡೆಯಲು ಕಾಡಿನ ನಡುವೆ ಬೋಳಿಸಿದ ಪಟ್ಟಿಗಳು ಮತ್ತು ವಿದ್ಯುತ್ ಕಂಬಗಳ ಕೆಳಗಿನ ಜಾಡುಗಳು ಇದಕ್ಕೆ ಪೂರ್ತಿ ವ್ಯತಿರಿಕ್ತ. ಅವನ್ನು ಮಾಡಿದವರಿಗೆ ಏರಿನ ಚಿಂತೆ ಇರಲಿಲ್ಲ. ಬೆಟ್ಟದ ಬೆನ್ನಿನ ಮೇಲೆ ನೆಟ್ಟಗೆ ಹತ್ತಿ ನೆಟ್ಟಗೆ ಇಳಿಯುವ ಈ ಜಾಡುಗಳಲ್ಲಿ ಶೇಕಡಾ 20ರ ಏರು ಸಾಮಾನ್ಯ, ಹಾಗೂ ನೀರು ಅದೇ ಜಾಡಿನಲ್ಲಿ ಹರಿದು ಕೊರಕಲು ಮಾಡಿರುತ್ತದೆ. ನೀವು ಮೂರು ಕಡೆ ತಳ್ಳಬೇಕಾಗಿ ಬಂದ ಜಾಗಗಳನ್ನು ಉಪಗ್ರಹ ಚಿತ್ರದಲ್ಲೂ, ಸಮೋನ್ನತಿ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಿರುವ) ನಕ್ಷೆಯಲ್ಲೂ ಮತ್ತೊಮ್ಮೆ ನೋಡಿ. ಅಲ್ಲಿ ದಾರಿ ತಿರುವಿಲ್ಲದೆ ಸಮೋನ್ನತಿ ರೇಖೆಗಳನ್ನು ಅಡ್ಡಡ್ಡ ಕತ್ತರಿಸಿ ಹೋಗುತ್ತಿದ್ದರೆ ಅದು ಇಂಥದ್ದೇ ಪಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ಕಾಲುವೆಯ ಪಕ್ಕದ ದಾರಿಗಳು ಸಮೋನ್ನತಿ ರೇಖೆಯ ಗುಂಟವೇ ಸಾಗುವುದರಿಂದ ಏರೇ ಇರುವುದಿಲ್ಲ. ಆದರೆ ಕೆಲವು ಕಡೆ ಅವು ಒಂದಾಳು ನಡೆಯುವಷ್ಟೇ ಅಗಲವಾಗಿದ್ದು ಪಕ್ಕದಲ್ಲಿ ಪ್ರಪಾತವಿರುತ್ತದೆ. ಅಂಥ ಕಡೆ ಸಪಾಟು ನೆಲವೆಂದು ಮೈಮರೆಯುವಂತಿಲ್ಲ.

ಇನ್ನು ನೆಲದ ಮಾತು. ಬೆಟ್ಟ ಮುಗಿದು ಬಯಲು ಆರಂಭವಾಗುವ ಅಂಚಿನಲ್ಲಿ ಹೊಳೆಗಳ ವೇಗ ಥಟ್ಟನೆ ಕುಗ್ಗುತ್ತದೆ, ಮತ್ತು ಅವು ಹೊತ್ತು ತಂದ ಕಲ್ಲುಮಣ್ಣನ್ನು ಬೀಸಣಿಗೆಯಾಕಾರದಲ್ಲಿ ಹರಡುತ್ತವೆ. ದಪ್ಪ ಕಲ್ಲುಗಳು ಕಣಿವೆಯ ಬಾಯಲ್ಲೇ ಉಳಿಯುತ್ತವೆ, ಸಣ್ಣವು ಮತ್ತು ಮರಳು ದೂರಕ್ಕೆ ಸಾಗುತ್ತವೆ. ನೀರಿನಲ್ಲಿ ಉರುಳಿ ನುಣುಪಾದ ಗುಂಡುಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಎಷ್ಟು ತುಳಿದರೂ ಟೈರಿನ ಕೆಳಗೆ ಉರುಳುತ್ತಲೇ ಇರುತ್ತವೆ. ಕ್ವಾರಿಯಲ್ಲಿ ಒಡೆದ ಮೂಲೆಮೂಲೆಯ ಕಲ್ಲು, ನಡುವೆ ಪುಡಿ ತುಂಬಿಕೊಂಡಾಗ, ಗಚ್ಚಿನಂತೆ ಗಟ್ಟಿಯಾಗುತ್ತದೆ. ಆದ್ದರಿಂದ ಒಂದೇ ಕಡೆಗೆ ಹೋಗುವ ಎರಡು ದಾರಿಗಳಿದ್ದರೆ, ಕಣಿವೆಯ ಬಾಯನ್ನು ದಾಟುವ ಕೆಳಗಿನ ದಾರಿಗಿಂತ ಬೆಟ್ಟದ ಮೈಯಲ್ಲಿ ಕೊರೆದ ದಾರಿಯೇ ಬಹಳ ಸಲ ಮೇಲು. ಜೇಡಿಮಣ್ಣಿನ ತಪ್ಪಲುಗಳಲ್ಲಿ ಲೆಕ್ಕ ಬೇರೆ: ಒಣಗಿದಾಗ ಡಾಂಬರಿನಷ್ಟು ಸಲೀಸು, ಒದ್ದೆಯಾದಾಗ ಚಕ್ರವೂ ಚೌಕಟ್ಟೂ ಅಂಟಿಕೊಂಡು ಸೈಕಲ್ ಮುಂದೆ ಸಾಗುವುದೇ ಇಲ್ಲ. ಅಲ್ಲಿ ಮಳೆ ನಿಂತ ಮರುದಿನ ಹೋಗದಿರುವುದು ನಿಮಗೂ ಒಳ್ಳೆಯದು, ದಾರಿಗೂ ಒಳ್ಳೆಯದು.

ನಕ್ಷೆಯನ್ನು ಎಷ್ಟು ನಂಬಬಹುದು? ಬಹುತೇಕ ಸೈಕಲ್ ಆ್ಯಪ್‌ಗಳು ದಾರಿಗಳ ಮಾಹಿತಿಯನ್ನು ಸ್ವಯಂಸೇವಕರು ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಪಡೆಯುತ್ತವೆ. ಅದರಲ್ಲಿ ಕಚ್ಚಾ ದಾರಿಗಳನ್ನು ಗ್ರೇಡ್ 1ರಿಂದ 5ರವರೆಗೆ ಗುರುತಿಸುವ ಪದ್ಧತಿಯಿದೆ. 1 ಎಂದರೆ ಗಟ್ಟಿ ಮೈ, 5 ಎಂದರೆ ಬರಿಯ ಮೆದು ನೆಲ. ನಿಮ್ಮ ಟೈರಿಗೆ 1 ಮತ್ತು 2 ನಿಶ್ಚಿಂತೆಯವು, 3 ಹವೆಯನ್ನು ಅವಲಂಬಿಸಿದ್ದು, 4 ಮತ್ತು 5 ಇರುವ ದಾರಿಯನ್ನು ಏರಿನಲ್ಲಿ ತಪ್ಪಿಸುವುದೇ ಸರಿ. ಯಾವ ಗ್ರೇಡೂ ನಮೂದಾಗದ ದಾರಿಯನ್ನು ಆ್ಯಪ್ ತನ್ನ ಊಹೆಯಿಂದ ತುಂಬಿಕೊಳ್ಳುತ್ತದೆ. ಎತ್ತರದ ಲೆಕ್ಕದಲ್ಲೂ ಇಂಥ ಮಿತಿಯಿದೆ. ಹಲವು ಆ್ಯಪ್‌ಗಳು ಇಂದಿಗೂ ಆಧರಿಸುವ ಜಾಗತಿಕ ಎತ್ತರದ ಮಾಹಿತಿಯನ್ನು 2000ರ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್ ಮೂಲಕ ಸಂಗ್ರಹಿಸಿತು. ಅದರ ಒಂದೊಂದು ಬಿಂದುವಿನ ನಡುವೆ ಸುಮಾರು 30 ಮೀಟರ್ ಅಂತರವಿದೆ, ಮತ್ತು ದಟ್ಟ ಕಾಡಿರುವಲ್ಲಿ ಅದು ನೆಲಕ್ಕಿಂತ ಮರಗಳ ನೆತ್ತಿಯ ಕಡೆಗೆ ವಾಲುತ್ತದೆ. ಕಿರಿದಾದ ಕಣಿವೆಯ ಚಿಕ್ಕ ಚಿಕ್ಕ ಕಡಿದಾದ ಏರುಗಳು ಅಷ್ಟು ಒರಟು ಜಾಲದಲ್ಲಿ ಸಿಕ್ಕುವುದೇ ಇಲ್ಲ. ಅದಿರಲಿ, ನಿಮ್ಮ ದಾರಿಯ 900 ಮೀಟರ್ ಅಂಕಿ ನಿಜವೇ ಆಗಿದ್ದರೂ ಅದು ಹೇಳುವುದು ಕಡಿಮೆ. ಅರ್ಧ ದಾರಿ ಏರು ಎಂದುಕೊಂಡರೆ 26 ಕಿ.ಮೀ.ಗೆ ಸರಾಸರಿ ಶೇಕಡಾ 3.5 ಮಾತ್ರ, ಆ ಸರಾಸರಿಯೊಳಗೆ ಶೇಕಡಾ 18ರ ಅರ್ಧ ಕಿಲೋಮೀಟರ್ ಅಡಗಿರಬಹುದು. ಒಟ್ಟು ಏರನ್ನು ಬಿಟ್ಟು ಅತಿ ಕಡಿದಾದ ಭಾಗವನ್ನು ಹುಡುಕಿ. ಸಮೋನ್ನತಿ ರೇಖೆಗಳು ಒತ್ತೊತ್ತಾಗಿರುವ ಕಡೆ ದಾರಿ ಬಳಸಿ ಹೋಗುತ್ತದೆಯೋ ನೇರ ನುಗ್ಗುತ್ತದೆಯೋ ಎಂಬುದನ್ನು ಕಣ್ಣಾರೆ ನೋಡಿ.

ಬೀಗ ಹಾಕಿದ ಗೇಟಿನ ವಿಷಯದಲ್ಲಿ ಒಂದು ಭ್ರಮೆಯನ್ನು ಬಿಡಬೇಕು. ವಾಹನವಿಲ್ಲ ಎಂದರೆ ಸೈಕಲ್‌ಗೆ ಅನುಮತಿಯಿದೆ ಎಂದಾಗುವುದಿಲ್ಲ, ಹಲವು ಸವಾರರು ಹೋದ ಗುರುತು ನಕ್ಷೆಯಲ್ಲಿ ಕಂಡರೂ ಅದು ಅನುಮತಿಯಲ್ಲ. ಈ ಕಾನೂನು ದೇಶದಿಂದ ದೇಶಕ್ಕೆ ಅಚ್ಚರಿಯಾಗುವಷ್ಟು ಬದಲಾಗುತ್ತದೆ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಬಹುಪಾಲು ಭೂಮಿಯ ಮೇಲೆ ಹೊಣೆಯರಿತು ಸಂಚರಿಸುವ ಹಕ್ಕನ್ನು ಸೈಕಲ್ ಸವಾರರಿಗೂ ಕೊಟ್ಟಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1968ರ ಕಾಯ್ದೆಯ ಪ್ರಕಾರ ಕುದುರೆ ದಾರಿಗಳಲ್ಲಿ ಸೈಕಲ್ ಸಲ್ಲುತ್ತದೆ, ಕಾಲುದಾರಿಗಳಲ್ಲಿ ಆ ಹಕ್ಕಿಲ್ಲ. ಆಸ್ಟ್ರಿಯಾದ 1975ರ ಅರಣ್ಯ ಕಾಯ್ದೆ ಕಾಡಿನಲ್ಲಿ ನಡೆದಾಡಲು ಎಲ್ಲರಿಗೂ ಅವಕಾಶ ಕೊಡುತ್ತದೆಯಾದರೂ ಕಾಡಿನ ದಾರಿಯಲ್ಲಿ ಸೈಕಲ್ ಓಡಿಸಲು ಅದರ ಹೊಣೆ ಹೊತ್ತವರ ಒಪ್ಪಿಗೆ ಬೇಕು. ಆದ್ದರಿಂದ ಆಯಾ ಪ್ರದೇಶದ ಅರಣ್ಯ ಅಥವಾ ಭೂ ಆಡಳಿತವನ್ನು ಮೊದಲೇ ಕೇಳುವುದೊಂದೇ ದಾರಿ. ಗೇಟನ್ನು ಹತ್ತಿ ದಾಟುವ ಸವಾರರು ತಮ್ಮ ಹಿಂದೆ ಬರುವವರಿಗೂ ಆ ದಾರಿಯನ್ನು ಮುಚ್ಚಿಸುತ್ತಾರೆ; ಇದನ್ನು ನಾನು ಬಹಳ ನೋವಿನಿಂದ ಹೇಳುತ್ತಿದ್ದೇನೆ.

ಇನ್ನು ನೀವು ತಳ್ಳಬೇಕಾಗಿ ಬಂದದ್ದಕ್ಕೆ ಬರೋಣ. ನೀವು, ಸೈಕಲ್, ನೀರು, ಸಲಕರಣೆ ಸೇರಿ 90 ಕಿಲೋ ಎಂದುಕೊಳ್ಳೋಣ. ಶೇಕಡಾ 10ರ ಜಲ್ಲಿ ಏರನ್ನು ಗಂಟೆಗೆ 6 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 170 ವ್ಯಾಟ್ ಶಕ್ತಿ ಬೇಕು. ನಿಮ್ಮ ಅತಿ ಹಗುರ ಗೇರಿನಲ್ಲಿ, ಅಂದರೆ ಮುಂದೆ 30, ಹಿಂದೆ 34 ಹಲ್ಲುಗಳಿರುವಾಗ, ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ. 6 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 52 ಸುತ್ತು ಸಾಕಾಗುತ್ತದೆ, ಮತ್ತು ಅಷ್ಟು ನಿಧಾನದ ತುಳಿತದಲ್ಲಿ ಪ್ರತಿ ಸಲವೂ ಮೊಣಕಾಲಿನ ಮೇಲೆ ಹೊರೆ ಬೀಳುತ್ತದೆ, ಹಿಂಚಕ್ರ ಜಲ್ಲಿಯ ಮೇಲೆ ಸುಮ್ಮನೆ ತಿರುಗಿಬಿಡುತ್ತದೆ. ನಿಮಿಷಕ್ಕೆ 70 ಸುತ್ತಿನ ಸಲೀಸು ತುಳಿತ ಬೇಕೆಂದರೆ ವೇಗ 8 ಕಿ.ಮೀ. ದಾಟಬೇಕು, ಅದಕ್ಕೆ 230 ವ್ಯಾಟ್ ಬೇಕು. ಹವ್ಯಾಸಿ ಸವಾರರಲ್ಲಿ ಹೆಚ್ಚಿನವರು ಅದನ್ನು ಬಹಳ ಹೊತ್ತು ಕೊಡಲಾರರು. ಅದೇ 170 ವ್ಯಾಟಿನಲ್ಲಿ ಶೇಕಡಾ 4ರ ಏರಿನಲ್ಲಿ ನೀವು ಸುಮಾರು 12 ಕಿ.ಮೀ. ವೇಗದಲ್ಲಿ ಹೋಗುತ್ತೀರಿ. ಹಿಂದೆ 40 ಹಲ್ಲಿನ ಚಕ್ರ ಕೂರಿಸಿದರೆ ಒಂದು ಸುತ್ತಿಗೆ 1.65 ಮೀಟರ್ ಆಗಿ, 6 ಕಿ.ಮೀ. ವೇಗದಲ್ಲೂ 60 ಸುತ್ತು ಸಿಗುತ್ತದೆ. ಅದಕ್ಕೆ ಹಿಂದಿನ ಡಿರೇಲರ್ (ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹೊಂದುತ್ತದೆಯೇ, ಸರಪಳಿಯ ಉದ್ದ ಸಾಕೇ ಎಂಬುದನ್ನು ಮೆಕ್ಯಾನಿಕ್ ನೋಡಿ ಹೇಳಬೇಕು. ಕೆಲವು ಡಿರೇಲರ್‌ಗಳು ಅಷ್ಟು ದೊಡ್ಡ ಹಲ್ಲುಚಕ್ರವನ್ನು ತಾಳುವುದಿಲ್ಲ. ಸಡಿಲ ಏರಿನಲ್ಲಿ ಎದ್ದು ನಿಂತು ತುಳಿಯಬೇಡಿ, ಆಸನದ ಮೂತಿಯ ಕಡೆ ಸರಿದು ಕೂತು ಎದೆಯನ್ನು ಬಗ್ಗಿಸಿ. ಶೇಕಡಾ 15ರ ಮೇಲಿನ ಸಡಿಲ ಜಲ್ಲಿಯಲ್ಲಿ ಅನುಭವಿಗಳೂ ಇಳಿದು ತಳ್ಳುತ್ತಾರೆ.

ಗಾಳಿಯನ್ನು ಗಟ್ಟಿಯಾಗಿ ತುಂಬಬೇಕು ಎಂಬ ಮಾತು ನುಣುಪು ರಸ್ತೆಯಿಂದ ಬಂದದ್ದು. ಜಲ್ಲಿಯ ಮೇಲೆ ಗಟ್ಟಿ ಟೈರು ಕಲ್ಲನ್ನು ನುಂಗಿಕೊಳ್ಳದೆ ಪುಟಿಯುತ್ತದೆ. ಪುಟಿದಷ್ಟೂ ಮುಂದೆ ಸಾಗಬೇಕಾದ ಶಕ್ತಿ ಮೇಲಕ್ಕೆ ಹೋಗಿ ವ್ಯರ್ಥವಾಗುತ್ತದೆ, ನೆಲದ ಹಿಡಿತ ತಪ್ಪುತ್ತದೆ, ಅದುರಿಕೆಯೆಲ್ಲ ಅಂಗೈಗೆ ಬಂದು ಸೇರುತ್ತದೆ. ನಿಮ್ಮ ತೂಕಕ್ಕೆ 40 ಮಿ.ಮೀ. ಟ್ಯೂಬ್‌ಲೆಸ್ ಟೈರಿನಲ್ಲಿ 28ರಿಂದ 35 ಪಿಎಸ್ಐ ಒಳ್ಳೆಯ ಆರಂಭ, ಹಿಂದೆ ಮುಂದಿಗಿಂತ 2–3 ಪಿಎಸ್ಐ ಹೆಚ್ಚಿರಲಿ. ಒಳಗೆ ಟ್ಯೂಬ್ ಇದ್ದರೆ ಇನ್ನೊಂದಿಷ್ಟು ಏರಿಸಿ, ಏಕೆಂದರೆ ಒತ್ತಡ ತೀರಾ ಕಡಿಮೆಯಾದಾಗ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಚಿವುಟಿ ಪಂಕ್ಚರ್ ಆಗುತ್ತದೆ. ಗೆಳೆಯರ ಮಾತಿನಲ್ಲಿ ನಿಜವಿರುವುದು ಇಷ್ಟೇ. ಚೂಪು ಕಲ್ಲಿನ ದಾರಿಯೇ ನಿಮ್ಮ ರೂಢಿಯಾಗುವುದಾದರೆ ಟ್ಯೂಬ್‌ಲೆಸ್ ಮಾಡಿಸುವುದು ಲೇಸು. ಆದರೆ ಅದರೊಳಗೆ ತೂತು ಮುಚ್ಚಲೆಂದು ಹಾಕುವ ದ್ರವ ಕೆಲವು ತಿಂಗಳುಗಳಲ್ಲಿ ಒಣಗುತ್ತದೆ, ಪಕ್ಕದ ಗೋಡೆ ಸೀಳಿದರೆ ಅದು ಮುಚ್ಚುವುದೂ ಇಲ್ಲ. ಹಾಗಾಗಿ ಒಂದು ಟ್ಯೂಬು ಚೀಲದಲ್ಲಿ ಇರಲೇಬೇಕು.

ನೀವು ಬಿದ್ದುದಕ್ಕೆ ಕಾರಣ ಬಹುಶಃ ಬ್ರೇಕಿನ ಕುರಿತ ಆ ಸಲಹೆಯೇ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂಚಕ್ರದ ಮೇಲೆ ವಾಲುತ್ತದೆ, ಹಿಂಚಕ್ರ ಹಗುರಾಗುತ್ತದೆ. ಹಗುರಾದ ಚಕ್ರವನ್ನಷ್ಟೇ ಹಿಡಿದರೆ ಅದು ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ, ವೇಗವೂ ಇಳಿಯುವುದಿಲ್ಲ. ಮುಂದಿನ ಬ್ರೇಕನ್ನು ಒಮ್ಮೆಲೇ ಬಿಗಿಹಿಡಿದರೆ ಬೀಳುವುದು ಇನ್ನೂ ಖಂಡಿತ, ಭಯ ಹುಟ್ಟಿದ್ದೂ ಅದರಿಂದಲೇ. ಸರಿಯಾದ ಕ್ರಮವೆಂದರೆ, ದಾರಿ ನೇರವಾಗಿರುವಾಗಲೇ ಎರಡನ್ನೂ ಒಂದೊಂದು ಬೆರಳಿನಿಂದ ಮೆಲ್ಲನೆ ಒತ್ತುತ್ತ ವೇಗ ಇಳಿಸುವುದು, ಸೊಂಟವನ್ನು ಆಸನದ ಹಿಂಬದಿಗೆ ಸರಿಸುವುದು, ತಿರುವಿನೊಳಗೆ ಹೋಗುವ ಮುನ್ನ ಬ್ರೇಕನ್ನು ಬಹುತೇಕ ಬಿಡುವುದು. ತಿರುವಿನ ಹೊರ ಅಂಚಿಗೆ ಸಡಿಲ ಜಲ್ಲಿ ತಳ್ಳಲ್ಪಟ್ಟು ರಾಶಿಯಾಗಿರುತ್ತದೆ; ಗಾಲಿಯಚ್ಚಿನ ಗಟ್ಟಿ ಗೆರೆಯನ್ನು ಬಿಡಬೇಡಿ. ವೇಗದ ಲೆಕ್ಕವನ್ನೂ ನೋಡಿ: ಸಪಾಟು ಜಲ್ಲಿಯಲ್ಲಿ ಒಂದೊಂದು ಸೆಕೆಂಡು ಕಳೆದಂತೆಯೂ ತನ್ನ ವೇಗವನ್ನು ಸೆಕೆಂಡಿಗೆ 3 ಮೀಟರಿನಷ್ಟು ಇಳಿಸಬಲ್ಲ ಸವಾರ, ಶೇಕಡಾ 10ರ ಇಳಿಜಾರಿನಲ್ಲಿ 30 ಕಿ.ಮೀ. ವೇಗದಲ್ಲಿದ್ದರೆ, ಎಚ್ಚರಗೊಳ್ಳುವ ಒಂದು ಸೆಕೆಂಡನ್ನೂ ಸೇರಿಸಿ ನಿಲ್ಲಲು ಸುಮಾರು 25 ಮೀಟರ್ ಬೇಕು, 40 ಕಿ.ಮೀ. ವೇಗಕ್ಕೆ 40 ಮೀಟರ್ ದಾಟುತ್ತದೆ. ಅಷ್ಟು ದೂರ ಕಣ್ಣಿಗೆ ಕಾಣದ ತಿರುವಿನಲ್ಲಿ ಅಷ್ಟು ವೇಗ ಬೇಡ. 300 ಮೀಟರ್ ಇಳಿಯುವಾಗ ಒಂದು ಲೀಟರ್ ನೀರನ್ನು 60 ಡಿಗ್ರಿಯಷ್ಟು ಬಿಸಿ ಮಾಡಬಲ್ಲ ಶಕ್ತಿ ಬಿಡುಗಡೆಯಾಗುತ್ತದೆ. ನಿಧಾನವಾಗಿ, ಸತತವಾಗಿ ಹಿಡಿದು ಇಳಿದರೆ ಅದರ ಬಹುಪಾಲನ್ನು ಬ್ರೇಕುಗಳೇ ಹೀರಬೇಕಾಗುತ್ತದೆ, ಆದ್ದರಿಂದ ಹಿಡಿದು ಬಿಟ್ಟು ಹಿಡಿಯಿರಿ, ಹಿಡಿತ ಮೆತ್ತಗಾಯಿತು ಎನಿಸಿದರೆ ನಿಂತು ತಣಿಯಲು ಬಿಡಿ.

ಉಂಗುರದ ಬೆರಳು ಮತ್ತು ಕಿರುಬೆರಳು ಜೋಮುಗಟ್ಟುವುದು ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಗೆ ಸಿಕ್ಕಿದ್ದರ ಗುರುತು. ಗಟ್ಟಿ ಟೈರು, ಹಾಗೂ ಭಯದಿಂದ ಹ್ಯಾಂಡಲನ್ನು ಬಿಗಿಹಿಡಿದ ಉದ್ದ ಇಳಿಜಾರು, ಎರಡೂ ಸೇರಿ ಇದನ್ನು ಮಾಡಿರಬಹುದು. ಗಾಳಿ ಇಳಿಸಿ, ಹ್ಯಾಂಡಲಿಗೆ ದಪ್ಪ ಪಟ್ಟಿ ಸುತ್ತಿಸಿ, ಹತ್ತು ನಿಮಿಷಕ್ಕೊಮ್ಮೆ ಕೈಯ ಜಾಗ ಬದಲಿಸಿ, ಆಸನದ ಮೂತಿ ಕೆಳಕ್ಕೆ ಬಾಗಿದ್ದರೆ ಸಮ ಮಾಡಿಸಿ. ಜೋಮು ಒಂದೆರಡು ದಿನಗಳಲ್ಲಿ ಹೋಗದಿದ್ದರೆ, ಇಲ್ಲವೇ ಗುಂಡಿ ಹಾಕುವಾಗ, ಬರೆಯುವಾಗ ಬೆರಳುಗಳಲ್ಲಿ ಶಕ್ತಿ ಕುಂದಿದೆ ಎನಿಸಿದರೆ ಸವಾರಿ ನಿಲ್ಲಿಸಿ ವೈದ್ಯರನ್ನು ಕಾಣಿ.

ಮುಂದೆ ಏನು ಮಾಡಬಹುದು? ಮೊದಲು ಹಳೆಯ ರೈಲು ಮಾರ್ಗದಂಥ ಸೌಮ್ಯ ದಾರಿಯಲ್ಲಿ ಗಾಳಿಯ ಒತ್ತಡ, ಕೈಯ ಸ್ಥಾನ, ಬ್ರೇಕಿನ ಅಭ್ಯಾಸ ಇವನ್ನು ಹದಕ್ಕೆ ತಂದುಕೊಳ್ಳಿ. ನಂತರ ಮರ ಸಾಗಿಸುವ ದಾರಿಯೊಂದರಲ್ಲಿ ಹತ್ತಿ, ಅದರಲ್ಲೇ ಹಿಂದಿರುಗಿ. ಸುತ್ತುದಾರಿಯ ಸೊಗಸು ಇದರಲ್ಲಿಲ್ಲ, ಆದರೆ ಇಳಿಯಬೇಕಾದ ನೆಲವನ್ನು ಹತ್ತುವಾಗಲೇ ನಿಧಾನವಾಗಿ ನೋಡಿರುತ್ತೀರಿ. ಕೊರಕಲು ಎಲ್ಲಿದೆ, ಸಡಿಲ ತಿರುವು ಯಾವುದು ಎಂಬುದು ಗೊತ್ತಿರುತ್ತದೆ. ಸುತ್ತುದಾರಿಯನ್ನೇ ಮಾಡುವುದಾದರೆ ಕಡಿದಾದ ಕಡೆಯಿಂದ ಹತ್ತಿ ಸೌಮ್ಯವಾದ ಕಡೆಯಿಂದ ಇಳಿಯಿರಿ, ತಳ್ಳುವುದರಿಂದ ದಣಿವಾಗಬಹುದೇ ಹೊರತು ಪೆಟ್ಟಾಗುವುದಿಲ್ಲ. ಇನ್ನೊಂದು ಮಾತನ್ನು ನೀವು ಒಪ್ಪದಿರಬಹುದು: ದಾರಿ ನೂರಕ್ಕೆ ನೂರು ವಾಹನರಹಿತವಾಗಿರಬೇಕು ಎಂಬ ಹಟವೇ ಹಲವರನ್ನು ಬೆಂಕಿಪಟ್ಟಿಗಳ ಮೇಲೆ, ಬೀಗದ ಗೇಟುಗಳ ಮುಂದೆ ತಂದು ನಿಲ್ಲಿಸುತ್ತದೆ. ಬೆಳಗಿನ ಹೊತ್ತು ಎರಡು ಮೂರು ಕಿ.ಮೀ. ಶಾಂತವಾದ ಕಿರಿದಾರಿಯ ಡಾಂಬರನ್ನು ಒಪ್ಪಿಕೊಂಡರೆ ಎರಡು ಒಳ್ಳೆಯ ಜಲ್ಲಿ ದಾರಿಗಳು ಕೂಡಿಕೊಳ್ಳುತ್ತವೆ. ಆ ತುಣುಕಿನಲ್ಲಿ ವಾಹನದ ಅಪಾಯ ಇದ್ದೇ ಇದೆ. ಹಿಂದಿನ ದೀಪ ಹಚ್ಚಿ, ತಿರುವು ಕಡಿಮೆಯಿರುವ ರಸ್ತೆಯನ್ನು ಆರಿಸಿ.

ಒಬ್ಬರೇ ಹೋಗುವ ಪ್ರಶ್ನೆಗೆ ನನ್ನ ಉತ್ತರ, ಪರಿಚಯವಾದ ದಾರಿಯಲ್ಲಿ ಹೋಗಬಹುದು, ಮೊದಲ ಸಲದ ದಾರಿಯಲ್ಲಿ ಬೇಡ ಎಂಬುದು. ವಾಹನ ಬಾರದ ದಾರಿಯಲ್ಲಿ ನೀವು ಬಿದ್ದರೆ ನೋಡುವವರೂ ಬರುವುದಿಲ್ಲ, ಕಣಿವೆಗಳಲ್ಲಿ ಮೊಬೈಲ್ ಸಂಕೇತವೂ ಇರುವುದಿಲ್ಲ. ಹೊರಡುವ ಮುನ್ನ ದಾರಿಯನ್ನೂ ಹಿಂದಿರುಗುವ ಸಮಯವನ್ನೂ ಒಬ್ಬರಿಗೆ ತಿಳಿಸಿ, ಹೊತ್ತು ಮೀರಿದರೆ ಅವರು ಯಾರಿಗೆ ಕರೆ ಮಾಡಬೇಕೆಂಬುದನ್ನೂ ಹೇಳಿಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಕೈಗೆಟುಕಿದರೆ ಅದಕ್ಕಿಂತ ಒಳ್ಳೆಯ ಖರೀದಿಯಿಲ್ಲ. ಕುರಿ ಕಾಯುವ ನಾಯಿಗಳು ಎದುರಾದರೆ ವೇಗವಾಗಿ ಪಾರಾಗಲು ನೋಡದೆ ಇಳಿದು, ಸೈಕಲನ್ನು ನಡುವೆ ಹಿಡಿದು, ಹಿಂಡಿನಿಂದ ದೂರ ಬಳಸಿ ನಡೆಯಿರಿ. ಬಿಸಿಲಿನ ಕಾಲದಲ್ಲಿ ಬೆಟ್ಟಗಳ ಮೇಲೆ ಮಧ್ಯಾಹ್ನದ ನಂತರ ಗುಡುಗು ಮೋಡ ಕಟ್ಟುವುದು ಸಾಮಾನ್ಯ, ಹಾಗೂ ಸಾವಿರ ಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿಯಷ್ಟು ತಾಪ ಇಳಿಯುತ್ತದೆ; ಬೆವರಿದ ಮೈಯಲ್ಲಿ ಇಳಿಯುವಾಗ ಗಾಳಿ ತಡೆಯುವ ತೆಳು ಜಾಕೆಟ್ ಬೇಕೇ ಬೇಕು. ನಸುಕಿನಲ್ಲೇ ಹೊರಟು, ಎಲ್ಲಿಗೆ ತಲುಪಿದ್ದರೂ ಇಷ್ಟು ಹೊತ್ತಿಗೆ ಹಿಂದಿರುಗುತ್ತೇನೆ ಎಂಬ ಗಂಟೆಯನ್ನು ಮನೆಯಲ್ಲೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ನೆತ್ತಿ ಕಣ್ಣಿಗೆ ಬಿದ್ದ ಮೇಲೆ ಆ ತೀರ್ಮಾನ ಮಾಡುವುದು ಬಹಳ ಕಷ್ಟ.